ನಾಲ್ಕರ ಬದಲು ಎರಡೇ ಸಿನಿಮಾ ಯಾಕೆ: ಸದಸ್ಯರಿಗೆ ಒಂದು ಪತ್ರ

ಪ್ರಿಯ ಸದಸ್ಯರೇ,

ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳಿಂದ ನಮ್ಮ ಕೂಟದಲ್ಲಿ ತಿಂಗಳಿಗೆ ನಾಲ್ಕು ಹಳೆಯ ಸಿನಿಮಾಗಳ ಬದಲು ಎರಡೇ ತೋರಿಸುತ್ತೇವೆ. ಒಂದೊಂದನ್ನೂ ಎರಡು ಸಲ. ಚಂದಾ ಮಾತ್ರ ಇಳಿಯುವುದಿಲ್ಲ.

"ಇದು ರೇಟ್ ಏರಿಸಿದ ಹಾಗೇ ಅಲ್ವಾ?" ಅಂತ ನೀವು ಕೇಳುತ್ತೀರಿ. ಹೌದು, ಲೆಕ್ಕ ಹಾಕಿದರೆ ಹಾಗೇ ಆಗುತ್ತದೆ. ಅದಕ್ಕೆ ಚೆಂದದ ಹೆಸರಿಟ್ಟು ನಿಮ್ಮ ಮುಂದೆ ಇಡುವ ಮನಸ್ಸು ನಮಗಿಲ್ಲ. ತೊಂದರೆ ಆದವರು ದಯವಿಟ್ಟು ಕ್ಷಮಿಸಿ. ಆದರೆ ಹೋದ ಸಭೆಯಲ್ಲಿ ಕೇಳಿಬಂದ ಕೆಲವು ಮಾತುಗಳಿಗೆ ಉತ್ತರ ಕೊಡದೆ ಸುಮ್ನೆ ಇರುವುದು ಕಷ್ಟ. ದುಡ್ಡೆಲ್ಲ ಹೊಸ ಪ್ರೊಜೆಕ್ಟರ್‌ಗೆ ಹೋಯಿತು ಅಂದರು ಒಬ್ಬರು. ಪ್ರೊಜೆಕ್ಟರ್ ಹಳೆಯದೇ. ಅದರ ದೀಪ ಮಾತ್ರ ಹೊಸದು. ದೀಪ ಮಂಕಾದರೆ ಕಪ್ಪು-ಬಿಳುಪು ಸಿನಿಮಾದಲ್ಲಿ ಬಿಳುಪೇ ಉಳಿಯುವುದಿಲ್ಲ, ಎಲ್ಲಾ ಬೂದಿ ಬಣ್ಣ.

ಇನ್ನು, ನಾವು ಮತ್ತೆ ಮತ್ತೆ ಕೇಳಿರುವ ಆ ಒಂದು ಮಾತು. "ಈ ಹಳೇ ಸಿನಿಮಾಗಳೆಲ್ಲ ಇಂಟರ್ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತವಲ್ಲ, ನಿಮಗೆ ಯಾಕೆ ದುಡ್ಡು ಕೊಡಬೇಕು?"

ಸಿಗುತ್ತವೆ. ಕೆಲವಂತೂ ಕಾನೂನಿನ ಪ್ರಕಾರವೇ ಫ್ರೀ. ಅಮೆರಿಕದಲ್ಲಿ ಮೊದಲು ಒಂದು ಕಟ್ಟಳೆ ಇತ್ತು. ಸಿನಿಮಾದ ಪ್ರತಿಯ ಮೇಲೆ ಹಕ್ಕಿನ (ಕಾಪಿರೈಟ್) ಸೂಚನೆ ಇರಲೇಬೇಕು, 28ನೇ ವರ್ಷದಲ್ಲಿ ಹಕ್ಕನ್ನು ನವೀಕರಿಸಲೇಬೇಕು. ಎರಡರಲ್ಲಿ ಒಂದು ತಪ್ಪಿದರೂ ಸಿನಿಮಾ ಎಲ್ಲರ ಸೊತ್ತು. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಕತೆ ಗೊತ್ತಿರಬಹುದು. ಹಂಚಿಕೆದಾರರು ಹೆಸರು ಬದಲಾಯಿಸಿ ಹೊಸ ಟೈಟಲ್ ಹಾಕಿದರು. ಹಳೆಯ ಟೈಟಲ್ ಜೊತೆಗಿದ್ದ ಹಕ್ಕಿನ ಸೂಚನೆ ಹೊಸದರಲ್ಲಿ ಬರಲೇ ಇಲ್ಲ. ಸಿನಿಮಾ ಕೋಟಿಗಟ್ಟಲೆ ಜನರನ್ನು ಹೆದರಿಸಿತು, ಮಾಡಿದವರಿಗೆ ಬರಬೇಕಾದ್ದು ಬರಲಿಲ್ಲ.

ಹೀಗೆ ಹಕ್ಕು ತಪ್ಪಿದ ಸಿನಿಮಾವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಾಡಿದ್ದಾರೆ ಕೂಡ. ಟೀವಿಗೆಂದು ಇಳಿಸಿದ ಸಣ್ಣ ಅಳತೆಯ, ಓಡಿ ಓಡಿ ಸವೆದ ರೀಲು. ಅದರಿಂದ ಟೇಪು, ಟೇಪಿನಿಂದ ಡಿಸ್ಕು, ಡಿಸ್ಕಿನಿಂದ ನೀವು ನೋಡುವ ಫೈಲು. ನಕಲಿನ ನಕಲಿನ ನಕಲು. ಅದನ್ನು ಫೋನಿನಲ್ಲಿ ಹತ್ತು ನಿಮಿಷ ನೋಡಿ "ಹಳೇ ಸಿನಿಮಾ ಬೋರು" ಅಂತ ತೀರ್ಮಾನ ಮಾಡಿಬಿಡುತ್ತೇವೆ. ನಮ್ಮ ತಕರಾರು ಇರುವುದೇ ಇಲ್ಲಿ. ಬೋರು ಆಗಿದ್ದು ಎಷ್ಟೋ ಸಲ ಸಿನಿಮಾ ಅಲ್ಲ, ಆ ಪ್ರತಿ.

ಒಂದು ಉದಾಹರಣೆ ಕೊಡುತ್ತೇನೆ. (ಇಲ್ಲಿಂದ ಮುಂದೆ ಬರುವ ಅಭಿಪ್ರಾಯಗಳು ಸಿನಿಮಾ ಆರಿಸುವ ನನ್ನವು. ಬೈಯುವುದಾದರೆ ನನ್ನನ್ನೇ ಬೈಯಿರಿ, ಕೂಟವನ್ನಲ್ಲ.) ಐಡಾ ಲುಪಿನೋ 1953ರಲ್ಲಿ ನಿರ್ದೇಶಿಸಿದ 'ದ ಹಿಚ್-ಹೈಕರ್'. ಒಂದೂಕಾಲು ಗಂಟೆಯೂ ಇಲ್ಲದ ಸಿನಿಮಾ. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ದಾರಿಯಲ್ಲಿ ಒಬ್ಬನನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾರೆ. ಅವನು ಕೊಲೆಗಾರ, ಕೈಯಲ್ಲಿ ಪಿಸ್ತೂಲು. ಅವನ ಒಂದು ಕಣ್ಣಿಗೆ ಸ್ವಾಧೀನವಿಲ್ಲ, ನಿದ್ದೆಯಲ್ಲೂ ಅದು ಮುಚ್ಚುವುದಿಲ್ಲ. ರಾತ್ರಿ ಬಯಲಿನಲ್ಲಿ ಮಲಗಿದಾಗ ಅವನು ಎಚ್ಚರವಾಗಿದ್ದಾನೋ ಇಲ್ಲವೋ ಇವರಿಬ್ಬರಿಗೆ ತಿಳಿಯುವುದೇ ಇಲ್ಲ. ಓಡೋಣವಾ ಬೇಡವಾ? ಇಡೀ ಸಿನಿಮಾದ ಭಯ ಆ ಒಂದು ಕಣ್ಣಿನಲ್ಲಿದೆ.

ನಾನು ಮೊದಲು ನೋಡಿದ ಫ್ರೀ ಪ್ರತಿಯಲ್ಲಿ ಆ ಜಾಗದಲ್ಲಿ ಬರೀ ಒಂದು ಕಪ್ಪು ಗುಡ್ಡೆ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಅನ್ನುವುದಿರಲಿ, ಮುಖ ಯಾವ ಕಡೆ ಇದೆ ಅಂತಲೂ ಕಾಣಲಿಲ್ಲ. ಸಾಧಾರಣ ಸಿನಿಮಾ ಅಂತ ಬದಿಗಿಟ್ಟಿದ್ದೆ. ಒಳ್ಳೆಯ ಪ್ರತಿ ನೋಡಿದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತೆ. ಸಿನಿಮಾ ಅದೇ, ನೋಡಿದವನೂ ಅವನೇ.

1945ರ 'ಡಿಟೂರ್' ಇನ್ನೊಂದು. ಎಡ್ಗರ್ ಜಿ. ಉಲ್ಮರ್ ಬಹಳ ಕಡಿಮೆ ದುಡ್ಡಿನಲ್ಲಿ ಮಾಡಿದ್ದು. ಬಡತನ ಎದ್ದು ಕಾಣುತ್ತದೆ, ಮಂಜು ಹಾಕಿ ಬೀದಿಯನ್ನೇ ಮರೆಮಾಡಿದ್ದಾರೆ. ನಾಯಕ ಲಿಫ್ಟ್ ಕೇಳುವ ಕೆಲವು ದೃಶ್ಯಗಳಲ್ಲಿ ಚಿತ್ರವನ್ನೇ ಎಡಬಲ ತಿರುಗಿಸಿದ್ದಾರೆ, ತೆರೆಯ ಎಡಕ್ಕೆ, ಅಂದರೆ ನಕ್ಷೆಯಲ್ಲಿರುವಂತೆ ಪಶ್ಚಿಮಕ್ಕೆ, ಹೋಗುತ್ತಿರುವ ಹಾಗೆ ಕಾಣಲಿ ಅಂತ. ಹಾಗಾಗಿ ಅಮೆರಿಕದ ಕಾರಿನ ಸ್ಟಿಯರಿಂಗ್ ಬಲಕ್ಕೆ ಬಂದು ಕೂತಿದೆ! ಬಲಗಡೆ ಸ್ಟಿಯರಿಂಗ್ ನೋಡಿ ಅಭ್ಯಾಸ ಇರುವವರಿಗೆ ಅದು ಕಣ್ಣಿಗೆ ಬೀಳುವುದೂ ಇಲ್ಲ. ಆದರೆ ನಟಿ ಆನ್ ಸ್ಯಾವೇಜ್ ಕಾರಿನಲ್ಲಿ ಕಣ್ಣುಬಿಟ್ಟು ತಿರುಗಿ ಮಾತಾಡುವ ಕ್ಷಣದಿಂದ ಬಡತನ ಗಿಡತನ ಎಲ್ಲಾ ಮರೆತುಹೋಗುತ್ತದೆ. ಇಷ್ಟು ಕಹಿಯಾದ ಹೆಣ್ಣು ಪಾತ್ರ ಆ ಕಾಲದ ಸಿನಿಮಾದಲ್ಲಿ ನಾನು ಬೇರೆ ನೋಡಿಲ್ಲ. ಇದನ್ನು ಅಕಾಡೆಮಿ ಫಿಲ್ಮ್ ಆರ್ಕೈವ್ (ಆಸ್ಕರ್ ಕೊಡುವ ಅಕಾಡೆಮಿಯ ಸಿನಿಮಾ ಸಂಗ್ರಹಾಲಯ) 2018ರಲ್ಲಿ ದುರಸ್ತಿ ಮಾಡಿತು. ಮೂಲ ಸಿನಿಮಾ ಫ್ರೀ ಇರಬಹುದು. ಹರಿದುಹೋದದ್ದನ್ನು ಒಂದೊಂದು ಫ್ರೇಮ್, ಅಂದರೆ ರೀಲಿನ ಒಂದೊಂದು ಚಿತ್ರ, ಹಿಡಿದು ಕೂತು ಸರಿಮಾಡಿದವರ ಕೆಲಸ ಹೇಗೆ ಫ್ರೀ ಆಗುತ್ತದೆ, ಹೇಳಿ?

ಮೂಕಿ ಚಿತ್ರಗಳದ್ದು ಇನ್ನೂ ಗೋಜಲು. 1929ರ 'ಪ್ರಪಂಚ ಪಾಶ' ನೋಡಿ, 'ಎ ಥ್ರೋ ಆಫ್ ಡೈಸ್' ಅಂತಲೂ ಕರೆಯುತ್ತಾರೆ. ಹಿಮಾಂಶು ರಾಯ್ ನಿರ್ಮಾಪಕ, ಫ್ರಾಂಜ್ ಓಸ್ಟೆನ್ ನಿರ್ದೇಶಕ. ಇಬ್ಬರು ರಾಜರು, ಒಬ್ಬಳು ಹುಡುಗಿ, ಒಂದು ಪಗಡೆಯಾಟ. ಕತೆ ತೆಳು. ಆದರೆ ಆನೆಗಳು, ಅರಮನೆಗಳು, ಸಾವಿರಾರು ಜನ, ಎಲ್ಲಾ ನಿಜದ್ದು. ಸಿನಿಮಾ ಹಳೆಯದು, ಸರಿ. ಅದರ ಜೊತೆ ನೀವು ಕೇಳುವ ನಿತಿನ್ ಸಾಹ್ನಿ ಸಂಗೀತ 2006ರದ್ದು. ಸಂಗೀತದ ಹಕ್ಕು ಹೊಸದು. ಸಂಗೀತ ಬೇಡ, ಬರೀ ಚಿತ್ರ ಸಾಕು ಅಂದರೆ ಮೌನದಲ್ಲಿ ಅಷ್ಟು ಹೊತ್ತು ಯಾರು ಕೂತಿರುತ್ತಾರೆ? ಜೊತೆಗೆ ವೇಗದ ತಲೆನೋವು. ಮೂಕಿ ಕಾಲದಲ್ಲಿ ಕ್ಯಾಮೆರಾ ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 20ರ ಆಸುಪಾಸು ಫ್ರೇಮ್ ಇರುವ ಚಿತ್ರಗಳು ಬೇಕಾದಷ್ಟಿವೆ. ಮಾತು ಬಂದ ಮೇಲೆ 24 ಅಂತ ನಿಗದಿಯಾಯಿತು. ಹಳೆಯದನ್ನು ಹಾಗೇ 24ರಲ್ಲಿ ಓಡಿಸಿದರೆ ಎಲ್ಲರೂ ಕುಣಿದುಕೊಂಡು ಓಡಾಡುತ್ತಾರೆ. ಮೂಕಿ ಚಿತ್ರ ಅಂದರೆ ನಗೆಪಾಟಲು ಅನ್ನುವ ನಂಬಿಕೆ ಅರ್ಧ ಹುಟ್ಟಿದ್ದೇ ಅಲ್ಲಿಂದ.

ವೇಗದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಕೆಲವು ದೇಶಗಳ ಟೀವಿ ಪದ್ಧತಿಗೆ ಹೊಂದಲಿ ಅಂತ 24 ಫ್ರೇಮಿನ ಸಿನಿಮಾವನ್ನು 25ರಲ್ಲಿ ಓಡಿಸಿ ಡಿಸ್ಕ್ ಮಾಡುತ್ತಿದ್ದರು. ಚಿತ್ರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಧ್ವನಿಯನ್ನು ಸರಿಪಡಿಸದಿದ್ದರೆ ಶ್ರುತಿ ಏರುತ್ತದೆ, ಪಕ್ಕದ ಸ್ವರಸ್ಥಾನಕ್ಕೆ ಇರುವ ದೂರದಲ್ಲಿ ಹತ್ತಿರ ಹತ್ತಿರ ಮುಕ್ಕಾಲಿನಷ್ಟು. ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಯಂಥ (1975) ಸಿನಿಮಾವನ್ನು ಹಾಗೆ ಓಡಿಸಿದರೆ ಏನಾದೀತು ಯೋಚಿಸಿ. ಇಡೀ ಸಿನಿಮಾ ನಿಂತಿರುವುದೇ ಸಂಗೀತದ ಮೇಲೆ. ಅದರ ಹಾಡುಗಾರಿಕೆಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಅವರು ಹಿಡಿದ ಶ್ರುತಿಯನ್ನು ಒಂದು ಯಂತ್ರ ಬದಲಾಯಿಸುವುದು ನನಗಂತೂ ಸಹಿಸಲು ಆಗುವುದಿಲ್ಲ. ಆ ಸಿನಿಮಾದ ನಡಿಗೆ ನಿಧಾನ ಅಂತ ಗೊಣಗುವವರಿದ್ದಾರೆ. ಇರಲಿ. ಸಂಗೀತಗಾರನೊಬ್ಬನ ಹಟದ ಬಗ್ಗೆ ಅಷ್ಟು ತಾಳ್ಮೆಯಿಂದ ಮಾಡಿದ ಸಿನಿಮಾ ನಮ್ಮಲ್ಲಿ ಕಡಿಮೆ.

ಈಗ ಖರ್ಚಿನ ಮಾತು. ಅಂಗಡಿಯಲ್ಲಿ ಕೊಂಡ ಡಿಸ್ಕ್ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ನಾಲ್ಕು ಜನ ಸೇರುವ ಕಡೆ ತೋರಿಸಲು ಪ್ರದರ್ಶನದ ಹಕ್ಕು ಬೇರೆ ಪಡೆಯಬೇಕು. ಇದು ಎಷ್ಟೋ ಸದಸ್ಯರಿಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ಬಹುಪಾಲು ಹಕ್ಕುದಾರರು ನಮ್ಮ ಹತ್ತಿರ ತಲೆ ಎಣಿಸುವುದಿಲ್ಲ, ಇಷ್ಟು ಅಂದರೆ ಇಷ್ಟೇ. ಮಳೆ ಬಂದು ಕುರ್ಚಿ ಖಾಲಿ ಇದ್ದರೂ ಅಷ್ಟೇ ಕೊಡಬೇಕು. ಒಂದೇ ಸಿನಿಮಾ ಎರಡು ಸಲ ಅಂತ ಮಾತಾಡಿದರೆ ಚೂರು ಇಳಿಸುತ್ತಾರೆ. ಎರಡು ಪ್ರದರ್ಶನದ ಹಿಂದಿನ ಗುಟ್ಟು ಇದೇ.

ಮತ್ತೆ ಸಬ್‌ಟೈಟಲ್. ಕನ್ನಡದಲ್ಲಿ ಸಬ್‌ಟೈಟಲ್ ಹಾಕುತ್ತೇವೆ ಅನ್ನುವುದು ನಮಗೆ ಹೆಮ್ಮೆಯ ವಿಷಯ, ಅದನ್ನು ಬಿಡುವ ಪ್ರಶ್ನೆಯೇ ಇಲ್ಲ. ಆದರೆ ಅದೊಂದು ಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾತ್ರ ಬಾಯಿ ಮುಚ್ಚುವುದರೊಳಗೆ ಸಾಲು ಓದಿ ಮುಗಿಯಬೇಕು. 'ಡಿಟೂರ್'ನಂಥ ಸಿನಿಮಾದಲ್ಲಿ ಜನ ಮೆಷಿನ್‌ಗನ್ ಥರ ಮಾತಾಡುತ್ತಾರೆ, ಅವರು ಹೇಳಿದ್ದರಲ್ಲಿ ಅರ್ಧ ಬಿಟ್ಟರೇನೇ ಉಳಿದರ್ಧ ಓದಲು ಆಗುವುದು. ಯಾವ ಅರ್ಧ ಬಿಡಬೇಕು ಅನ್ನುವುದೇ ಕಷ್ಟ. ಮೇಲಾಗಿ ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರ ಬಿಟ್ಟರೆ ಅಕ್ಷರಗಳು ನಟರ ಗಲ್ಲದ ಮೇಲೆ ಬಂದು ಕೂರುತ್ತವೆ. "ಸಬ್‌ಟೈಟಲ್ ಮುಖ ಮುಚ್ಚುತ್ತೆ" ಅಂತ ದೂರಿದವರು ಇದನ್ನು ದಯವಿಟ್ಟು ಗಮನಿಸಿ. ತಿಂಗಳಿಗೆ ನಾಲ್ಕು ಸಿನಿಮಾಕ್ಕೆ ಈ ಕೆಲಸ ಮಾಡುವುದು ಇಬ್ಬರಿಂದ ಇನ್ನು ಆಗುವುದಿಲ್ಲ. ಇಬ್ಬರೂ ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುವವರು.

ಒಳ್ಳೆಯ ಪ್ರತಿ ಅಂದರೆ ಫಳಫಳ ಹೊಳೆಯುವ ಪ್ರತಿ ಅಂತ ದಯವಿಟ್ಟು ತಿಳಿಯಬೇಡಿ. ಬಾರ್ಬರಾ ಲೋಡೆನ್ ಅವರ 'ವಾಂಡಾ' (1970) ತೋರಿಸಿದಾಗ "ಕಾಳು ಕಾಳಾಗಿ ಕಾಣುತ್ತೆ, ದುಡ್ಡು ವಾಪಸ್ ಕೊಡಿ" ಅಂದವರಿದ್ದಾರೆ. ಅದು ಇರಬೇಕಾದ್ದೇ ಹಾಗೆ. 16 ಎಂಎಂ ಅಗಲದ ಸಣ್ಣ ರೀಲಿನ ಕ್ಯಾಮೆರಾದಲ್ಲಿ ತೆಗೆದು ದೊಡ್ಡದು ಮಾಡಿದ ಸಿನಿಮಾ. ಗಂಡ, ಮನೆ, ಕೆಲಸ ಯಾವುದನ್ನೂ ಹಿಡಿದಿಟ್ಟುಕೊಳ್ಳಲಾಗದ ಹೆಂಗಸೊಬ್ಬಳು ಕಲ್ಲಿದ್ದಲ ಗುಡ್ಡೆಗಳ ನಡುವೆ ನಡೆದು ಹೋಗುತ್ತಾಳೆ. ದೂರದಿಂದ ಒಂದು ಬಿಳಿ ಚುಕ್ಕೆ, ಅಷ್ಟೇ. ಆ ಕಾಳನ್ನು ಒರೆಸಿ ನುಣ್ಣಗೆ ಮಾಡಿದರೆ ಅವಳ ಬದುಕನ್ನೇ ಒರೆಸಿದ ಹಾಗೆ. ಲೋಡೆನ್ ನಿರ್ದೇಶಿಸಿದ ಪೂರ್ಣ ಪ್ರಮಾಣದ ಸಿನಿಮಾ ಇದೊಂದೇ. ನನ್ನ ಮಟ್ಟಿಗೆ ನಾವು ಇಲ್ಲಿಯವರೆಗೆ ತೋರಿಸಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ. ಆವತ್ತು ಮಧ್ಯದಲ್ಲಿ ಎದ್ದು ಹೋದವರ ಮೇಲೆ ಸಿಟ್ಟಿಲ್ಲ, ಬೇಜಾರಿದೆ.

ಹಾಗಂತ ದುರಸ್ತಿಯಾದದ್ದೆಲ್ಲ ಚಿನ್ನ ಅಂತಲೂ ನಾವು ಹೇಳುವುದಿಲ್ಲ. ಜಾನ್ ಹ್ಯೂಸ್ಟನ್ ಅವರ ಹಾಸ್ಯದ ಸಿನಿಮಾ 'ಬೀಟ್ ದ ಡೆವಿಲ್' (1953) ವರ್ಷಗಟ್ಟಲೆ ಕೆಟ್ಟ ಪ್ರತಿಗಳಲ್ಲಿ, ಕತ್ತರಿ ಹಾಕಿಸಿಕೊಂಡು ಓಡಾಡಿತು. 2016ರಲ್ಲಿ ಪೂರ್ತಿ ಪ್ರತಿ ಬಂತು. ಆಸೆಯಿಂದ ನೋಡಿದೆ. ಈಗಲೂ ನನಗೆ ನಗು ಬರಲಿಲ್ಲ. ನೃತ್ಯಗಾರ ಉದಯ ಶಂಕರ್ ಅವರ 'ಕಲ್ಪನಾ' (1948) ಬೇರೆ ಥರ. 2012ರಲ್ಲಿ ದುರಸ್ತಿಯಾಗಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ಸಿನಿಮಾ. ಮಾತಿನ ದೃಶ್ಯಗಳು ಸಾಕಪ್ಪಾ ಅನ್ನಿಸುತ್ತವೆ. ಆದರೆ ಮನುಷ್ಯರೇ ಯಂತ್ರದ ಗಾಲಿಗಳಂತೆ ಕುಣಿಯುವ ಆ ನೃತ್ಯ ಬಂದಾಗ, ಆ ನೆರಳು ಆ ಬೆಳಕು ಸರಿಯಾಗಿ ಕಂಡಾಗ, ಅವರಿಗೆ ಎಲ್ಲವನ್ನೂ ಮಾಫಿ ಮಾಡಬಹುದು.

'ಕಾರ್ನಿವಲ್ ಆಫ್ ಸೋಲ್ಸ್' (1962) ಕೈಬಿಡುತ್ತೀರಾ ಅಂತ ಕೆಲವರು ಫೋನ್ ಮಾಡಿ ಕೇಳಿದ್ದಾರೆ. ಇಲ್ಲ. ಶಾಲೆ, ಕಾರ್ಖಾನೆಗಳಿಗೆ ಪಾಠದ ಚಿತ್ರ ಮಾಡುತ್ತಿದ್ದ ಹರ್ಕ್ ಹಾರ್ವಿ ಮಾಡಿದ ಪೂರ್ಣ ಪ್ರಮಾಣದ ಕತೆಯ ಸಿನಿಮಾ ಅದೊಂದೇ. ಸೇತುವೆಯಿಂದ ಕಾರು ನದಿಗೆ ಬೀಳುತ್ತದೆ. ಒಬ್ಬಳು ಎದ್ದು ಬರುತ್ತಾಳೆ, ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರುತ್ತಾಳೆ, ಆಮೇಲೆ ಯಾವುದೂ ಸರಿಯಿಲ್ಲ. ನಟನೆ ಒರಟು. ಆರ್ಗನ್ ಮಾತ್ರ ಬೆನ್ನುಮೂಳೆಗೆ ಇಳಿಯುತ್ತದೆ. ಫೋನಿನ ಸ್ಪೀಕರಿನಲ್ಲಿ ಅದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ ಅಷ್ಟೇ. ಮಳೆಗಾಲ ಮುಗಿದ ಮೇಲೆ ತೋರಿಸುತ್ತೇವೆ, ಮಾತು ಕೊಟ್ಟಿದ್ದೇವೆ.

ಮುಂದಿನ ತಿಂಗಳ ಎರಡು ಹೀಗಿವೆ. ಒಂದು, ಮೇಲೆ ಹೇಳಿದ 'ದ ಹಿಚ್-ಹೈಕರ್'. ಇನ್ನೊಂದು ವಿಕ್ಟರ್ ಎರಿಸೆ ಅವರ ಸ್ಪೇನಿನ ಸಿನಿಮಾ 'ದ ಸ್ಪಿರಿಟ್ ಆಫ್ ದ ಬೀಹೈವ್' (1973). ಅದರಲ್ಲಿ ಮನೆಯ ಕಿಟಕಿಯ ಗಾಜುಗಳು ಜೇನುಗೂಡಿನ ಹಾಗೆ ಆರು ಮೂಲೆಯವು, ಬೆಳಕು ಜೇನಿನ ಬಣ್ಣದಲ್ಲಿ ಒಳಗೆ ಬರುತ್ತದೆ. ಬಣ್ಣ ಮಾಸಿದ ಪ್ರತಿಯಲ್ಲಿ ಅದು ಬರೀ ಮಾಸಲು ಹಳದಿ. ಛಾಯಾಗ್ರಾಹಕ ಲೂಯಿಸ್ ಕ್ವಾದ್ರಾದೋ ಅದನ್ನು ತೆಗೆಯುವ ಹೊತ್ತಿಗೆ ಕಣ್ಣು ಕಳೆದುಕೊಳ್ಳುತ್ತಿದ್ದರು. ಅದರ ನಂತರದ ಸರದಿ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977), 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ದುರಸ್ತಿಯ ಪ್ರತಿ ಸಿಗುತ್ತದಾ ಅಂತ ಕೇಳಿದ್ದೇವೆ. ನೋಡಿದ್ದೇವೆ ಬಿಡಿ ಅನ್ನುವವರು ಯಾವ ಪ್ರತಿಯಲ್ಲಿ ನೋಡಿದ್ದೀರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಉತ್ತರ ಬರುವ ತನಕ ದಿನಾಂಕ ಹೇಳುವುದಿಲ್ಲ.

ಈ ಬದಲಾವಣೆ ಒಪ್ಪಿಗೆ ಇಲ್ಲದವರು ಉಳಿದ ತಿಂಗಳ ಚಂದಾ ವಾಪಸ್ ಪಡೆಯಬಹುದು. ಕಾರಣ ಕೇಳುವುದಿಲ್ಲ, ಮುಖ ಗಂಟು ಹಾಕುವುದಿಲ್ಲ. ಉಳಿಯುವವರಿಗೆ ಇನ್ನೊಂದು ಅನುಕೂಲ: ಮೊದಲ ಪ್ರದರ್ಶನ ತಪ್ಪಿದರೆ ಎರಡನೆಯದಕ್ಕೆ ಬರಬಹುದು, ಮೊದಲನೆಯದು ಇಷ್ಟವಾದರೆ ಎರಡನೆಯದಕ್ಕೆ ಮನೆಯವರನ್ನೂ ಕರೆತರಬಹುದು, ಅವರು ಬೇರೆ ದುಡ್ಡು ಕೊಡಬೇಕಿಲ್ಲ. ಸಿನಿಮಾ ಮುಗಿದ ಮೇಲೆ ಎಂದಿನಂತೆ ನಾನು ಬಾಗಿಲ ಹತ್ತಿರ ಇರುತ್ತೇನೆ. ನನ್ನ ಅಭಿಪ್ರಾಯ ಸರಿಯಿಲ್ಲ ಅನ್ನಿಸಿದವರು ಅಲ್ಲೇ ಹಿಡಿದು ಜಗಳ ಆಡಿ. 'ಬೀಟ್ ದ ಡೆವಿಲ್' ಮೆಚ್ಚುವವರು ಮಾತ್ರ ನಮ್ಮ ಖಜಾಂಚಿಯನ್ನು ನೋಡಿ, ಅವರಿಗೆ ಅದು ಬಹಳ ಇಷ್ಟ.

ನಿಮ್ಮ,
ಸಿನಿಮಾ ಆಯ್ಕೆ ಮತ್ತು ಸಬ್‌ಟೈಟಲ್ ನೋಡಿಕೊಳ್ಳುವ ಇಬ್ಬರ ಪರವಾಗಿ