ಹಿಡಿಬಟ್ಟೆಯ ಒಳಪದರಕ್ಕೆ ಯಾವುದು ಯೋಗ್ಯ?

ಮಾನ್ಯ ಸಂಪಾದಕರೇ,

ತಮ್ಮ ವಾರದ ಪುರವಣಿಯಲ್ಲಿ ಹಳೆಯ ಬಟ್ಟೆಗಳಿಂದ, ಬಿಸಿ ಪಾತ್ರೆ ಇಳಿಸಲು ಬಳಸುವ ಅಡುಗೆಮನೆಯ ಹಿಡಿಬಟ್ಟೆಗಳನ್ನು ಹೊಲಿಯುವ ವಿಧಾನ ಪ್ರಕಟವಾಗಿದ್ದುದನ್ನು ಓದಿದೆ. ಅಳತೆ, ಅಂಚು ಕಟ್ಟುವ ಕ್ರಮ, ಮೊಳೆಗೆ ತೂಗುಹಾಕುವ ಕುಣಿಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ವಿವರಿಸಿದ ಆ ಬರಹ, ಒಳಗೆ ತುಂಬುವ ಪದರದ ವಿಷಯಕ್ಕೆ ಬಂದಾಗ ಮಾತ್ರ ‘ಮನೆಯಲ್ಲಿರುವ ಯಾವುದಾದರೂ ಮೆತ್ತನೆಯ ವಸ್ತು’ ಎಂದಷ್ಟೇ ಹೇಳಿ ಮುಂದೆ ಸಾಗಿದೆ. ಹೊಲಿಗೆ ಕಲಿಸುವವಳಾದ ನನಗೆ ಆಕ್ಷೇಪವಿರುವುದು ಈ ಒಂದು ಮಾತಿನ ಬಗ್ಗೆ. ಮೆತ್ತಗಿರುವುದೆಲ್ಲ ಕಾವನ್ನು ತಡೆಯುವುದಿಲ್ಲ. ಅಲ್ಲದೆ ಇಂದು ನಮ್ಮ ಮನೆಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಮೆತ್ತನೆಯ ವಸ್ತುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕಿನವು.

ದಿಂಬಿಗೆ ತುಂಬುವ ಬಿಳಿಯ ‘ಫೈಬರ್’ ನೋಡಲು ಹತ್ತಿಯಂತಿದ್ದರೂ ಪಾಲಿಯೆಸ್ಟರ್. ಅಂಗಡಿಗಳಲ್ಲಿ, ಮದುವೆಮನೆಗಳಲ್ಲಿ ಕೊಡುವ ಬಣ್ಣದ ‘ನಾನ್‌ವೋವನ್’ ಚೀಲ ಬಟ್ಟೆಯಂತಿದ್ದರೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಇದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಪಾಲಿಯೆಸ್ಟರ್ ಕರಗುವುದು 250ರಿಂದ 260 ಡಿಗ್ರಿಯ ಸುಮಾರಿಗೆ, ಆದರೆ ಅದಕ್ಕೂ ಮೊದಲೇ ಮೆದುವಾಗುತ್ತದೆ. ಕರಿಯುವ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಚೆನ್ನಾಗಿ ಕಾದ ರೊಟ್ಟಿ ಹಂಚು 200 ಡಿಗ್ರಿ ದಾಟುವುದು ಸಾಮಾನ್ಯ, ಇನ್ನು ಗ್ಯಾಸಿನ ಉರಿ ತಗಲುವ ಅಂಚಿಗಂತೂ ಈ ಲೆಕ್ಕವೇ ಇಲ್ಲ. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿಕೊಂಡು, ಪಾತ್ರೆಯನ್ನು ಬಿಟ್ಟ ಮೇಲೂ ಸುಡುತ್ತಲೇ ಇರುತ್ತದೆ. ಸೋಫಾದಿಂದ ತೆಗೆದ ಸ್ಪಂಜನ್ನು ಬಳಸುವವರೂ ಇದ್ದಾರೆ. ಅದು ಹೊತ್ತಿಕೊಂಡರೆ ಬರುವ ಹೊಗೆಯೂ ವಿಷವೇ.

ಹತ್ತಿ ಕರಗುವುದಿಲ್ಲ. ಅತಿಯಾದ ಕಾವಿಗೆ ಅದು ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಕೊಡುತ್ತದೆ, ಅಷ್ಟರಲ್ಲಿ ಪಾತ್ರೆಯನ್ನು ಕೆಳಗಿಡಲು ಸಮಯ ಸಿಗುತ್ತದೆ. ಆದರೆ ಬೆಂಕಿ ತಗುಲಿದರೆ ಹತ್ತಿಯೂ ಚೆನ್ನಾಗಿಯೇ ಉರಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಈ ದೃಷ್ಟಿಯಿಂದ ಉಣ್ಣೆ ಅದಕ್ಕಿಂತ ಮೇಲು: ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೂ ಉರಿಯಿಂದ ದೂರ ಸರಿಸಿದಾಗ ಸಾಮಾನ್ಯವಾಗಿ ತಾನೇ ಆರುತ್ತದೆ. ನಮ್ಮ ಭಾಗದಲ್ಲಿ ಉಣ್ಣೆಗೆ ಬರವೇನೂ ಇಲ್ಲ. ಮೆಡ್ಲೇರಿ, ಚಳ್ಳಕೆರೆಗಳಲ್ಲಿ ನೇಯುವ ಕುರಿ ಉಣ್ಣೆಯ ಕಂಬಳಿ ಹರಿದು ಮೂಲೆಗೆ ಬಿದ್ದಿರುವ ಮನೆಗಳು ಹಲವಿವೆ. ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ ಎಂದು ದೂರುವವರಿದ್ದಾರೆ. ಒಳಪದರಕ್ಕೆ ಮಾತ್ರ ಆ ಒರಟುತನವೇ ಅನುಕೂಲ, ಏಕೆಂದರೆ ಒತ್ತಿ ಹಿಡಿದರೂ ಅದು ಪೂರ್ತಿ ಚಪ್ಪಟೆಯಾಗುವುದಿಲ್ಲ. ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರಾದ್ದರಿಂದ ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ, ಒಗೆದು, ಚೆನ್ನಾಗಿ ಒಣಗಿಸಬೇಕು. ಒಗೆದಾಗ ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಅಳತೆ ಹಾಕುವುದು ಜಾಣತನ.

ಹಿಡಿಬಟ್ಟೆಯಲ್ಲಿ ಕಾವನ್ನು ತಡೆಯುವುದು ನಾರಿಗಿಂತ ಹೆಚ್ಚಾಗಿ ನಾರಿನ ನಡುವೆ ಅಲುಗಾಡದೆ ನಿಂತ ಗಾಳಿ. ಆದ್ದರಿಂದ ಬಿಡಿ ಅರಳೆಯನ್ನು ತುರುಕಿದರೆ ಸಾಲದು. ಕೆಲವೇ ದಿನಗಳಲ್ಲಿ ಅದು ಗಂಟುಕಟ್ಟಿ, ಹೆಬ್ಬೆರಳು ಒತ್ತುವ ಜಾಗವೇ ಬರಿದಾಗುತ್ತದೆ. ಬೂರುಗದ ಹತ್ತಿಯಂತೂ ಬೇಡವೇ ಬೇಡ, ಅದು ಬೇಗ ಹೊತ್ತಿಕೊಳ್ಳುತ್ತದೆ. ಕುಣಿಕೆ ಕುಣಿಕೆಯಾಗಿ ಎದ್ದಿರುವ ನೂಲಿನ ಹಳೆ ಟವೆಲ್ ಎರಡು ಪದರ, ಅದರ ಜೊತೆಗೆ ಕಂಬಳಿಯ ಒಂದು ಪದರ, ಹೊರಗೆ ದಪ್ಪ ಹತ್ತಿಬಟ್ಟೆ ಇಷ್ಟಿದ್ದರೆ ಮನೆಬಳಕೆಗೆ ಸಾಕು. ಹೊಲಿಗೆಯ ಸಾಲುಗಳು ಒತ್ತೊತ್ತಾಗಿ ಬಂದಷ್ಟೂ ಒಳಗಿನ ಗಾಳಿ ಹಿಸುಕಿಹೋಗುತ್ತದೆ, ತೀರ ದೂರವಾದರೆ ಪದರಗಳು ಜರುಗುತ್ತವೆ. ಒಂದೂವರೆ ಇಂಚಿನ ಅಂತರ ಹಿತವಾದದ್ದು. ಕೌದಿ ಹೊಲಿಯುವ ನಮ್ಮ ಹಿರಿಯರು ಹೊಲಿಗೆಯನ್ನು ಇದಕ್ಕಿಂತ ಒತ್ತಾಗಿ ಹಾಕುತ್ತಿದ್ದರು, ಆದರೆ ಅವರ ಕೌದಿ ಹೊದೆಯುವುದಕ್ಕೆ, ಹಂಚು ಇಳಿಸುವುದಕ್ಕಲ್ಲ. ಅವರು ಒಳಗೆ ಹಾಕುತ್ತಿದ್ದುದು ಹತ್ತಿಯ ಹಳೆ ಸೀರೆ, ಧೋತರಗಳನ್ನು. ನಾವು ಈಗ ಪೆಟ್ಟಿಗೆಯಿಂದ ತೆಗೆಯುವ ಹಳೆ ಸೀರೆ ಸಿಂಥೆಟಿಕ್, ಹಳೆ ಅಂಗಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್, ಹಳೆ ಜೀನ್ಸ್‌ನಲ್ಲಿಯೂ ಎಷ್ಟೋ ಸಲ ಹಿಗ್ಗುವ ಸಿಂಥೆಟಿಕ್ ಎಳೆ ಸೇರಿರುತ್ತದೆ.

ಇನ್ನು ಬೆಳ್ಳಿಬಣ್ಣದ ಲೋಹಲೇಪಿತ ಪದರದ ಬಗ್ಗೆ ನನ್ನ ವಿದ್ಯಾರ್ಥಿನಿಯರು ಆಗಾಗ ಕೇಳುತ್ತಾರೆ. ಅದರ ಹೊಳಪು ದೂರದಿಂದ ಸೂಸಿ ಬರುವ ಕಾವನ್ನು ಹಿಂದಕ್ಕೆ ಕಳಿಸುತ್ತದೆ ನಿಜ, ಆದರೆ ಹಿಡಿಬಟ್ಟೆ ಪಾತ್ರೆಗೆ ನೇರವಾಗಿ ತಾಗಿರುವಾಗ ಕಾವು ಹರಿಯುವುದು ಮುಟ್ಟುವಿಕೆಯಿಂದ. ಹೀಗಾಗಿ ಅದನ್ನು ಹತ್ತಿಯ ಪದರಗಳ ನಡುವೆ ಹೆಚ್ಚುವರಿಯಾಗಿ ಸೇರಿಸಬಹುದೇ ಹೊರತು ಅದೊಂದನ್ನೇ ನೆಚ್ಚುವಂತಿಲ್ಲ. ಲೋಹವಿರುವುದರಿಂದ ಅಂಥ ಹಿಡಿಬಟ್ಟೆಯನ್ನು ಮೈಕ್ರೋವೇವ್ ಒಲೆಯೊಳಗೆ ಇಡಲೂಬಾರದು. ಶಾಖ ತಡೆಯುತ್ತದೆಂದು ಕಲ್ನಾರಿನ (ಆಸ್ಬೆಸ್ಟಸ್) ಹಾಳೆಯನ್ನೋ ಹಗ್ಗವನ್ನೋ ತಂದು ಹೊಲಿಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಅದನ್ನು ಅಲ್ಲಿಗೇ ಕೈಬಿಡಬೇಕು. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಎಷ್ಟೇ ಒಳ್ಳೆಯ ತುಂಬಿಕೆಯಾದರೂ ಒದ್ದೆಯಾದರೆ ಕೆಲಸಕ್ಕೆ ಬಾರದು. ನಿಂತ ಗಾಳಿಗೆ ಹೋಲಿಸಿದರೆ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಕಾವನ್ನು ದಾಟಿಸುತ್ತದೆ. ಕಟ್ಟೆ ಒರೆಸಿದ ಬಟ್ಟೆಯಿಂದಲೇ ಕುಕ್ಕರ್ ಇಳಿಸುವ ಅಭ್ಯಾಸ ಕೈ ಸುಡುವುದು ಇದೇ ಕಾರಣಕ್ಕೆ. ಮನೆಯಲ್ಲಿ ಎರಡು ಮೂರು ಹಿಡಿಬಟ್ಟೆಗಳಿದ್ದು, ಒಗೆದದ್ದು ಒಳಗಿನವರೆಗೂ ಒಣಗಿದ ಮೇಲೆಯೇ ಬಳಕೆಗೆ ಬರಬೇಕು.

ಬಟ್ಟೆ ಯಾವುದೆಂದು ಸಂದೇಹವಿದ್ದರೆ ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆದು ಬೂದಿಯಾಗುತ್ತದೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆ ಯಂತ್ರದ ದಾರವನ್ನೂ ಹೀಗೆಯೇ ಪರೀಕ್ಷಿಸಬೇಕು, ಏಕೆಂದರೆ ಈಗ ಸಿಗುವ ಉಂಡೆಗಳಲ್ಲಿ ಬಹುಪಾಲು ಪಾಲಿಯೆಸ್ಟರ್ ದಾರವೇ.

ಮುಂದೆ ಇಂಥ ಬರಹಗಳನ್ನು ಪ್ರಕಟಿಸುವಾಗ ಬಟ್ಟೆಯ ಅಳತೆಯ ಜೊತೆಗೆ ಒಳಪದರ ಯಾವ ನಾರಿನದಾಗಿರಬೇಕು ಎಂಬುದನ್ನೂ ತಿಳಿಸಬೇಕೆಂದು ವಿನಂತಿಸುತ್ತೇನೆ. ಮೇಳಗಳಲ್ಲಿ ಹಿಡಿಬಟ್ಟೆ ಮಾರುವ ಸ್ವಸಹಾಯ ಸಂಘಗಳ ಸೋದರಿಯರಲ್ಲಿಯೂ ಒಂದು ಕೋರಿಕೆಯಿದೆ: ‘ಕಾಟನ್’ ಎಂದು ಚೀಟಿ ಹಚ್ಚುವಾಗ ಅದು ಹೊರಬಟ್ಟೆಗೆ ಮಾತ್ರ ಸೇರಿದ ಮಾತೋ, ತುಂಬಿಕೆಗೂ ದಾರಕ್ಕೂ ಸೇರಿದ್ದೋ ಎಂಬುದನ್ನು ಅದೇ ಚೀಟಿಯಲ್ಲಿ ಬಿಡಿಸಿ ಬರೆಯಬೇಕು.

ಇತಿ ತಮ್ಮ ವಿಶ್ವಾಸಿ,
ಹೊಲಿಗೆ ಶಿಕ್ಷಕಿ, ರಾಣೆಬೆನ್ನೂರು