"ನೋಡೋಣ" ಅನ್ನಬೇಡ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನನಗೆ ನಿದ್ದೆಯೇ ಹತ್ತಲಿಲ್ಲ. ಒಂದು ಲೋಗೋಗೆ 17 ಸಲ ತಿದ್ದುಪಡಿ, ಮೇಲಿಂದ "ನಾಳೆ ಬೆಳಿಗ್ಗೆ ಬೇಕು" ಅಂತ ಮೆಸೇಜು. ಅಳು ಬರದೆ ಇರುತ್ತದಾ? ಆದರೂ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. "ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು ಅಲ್ವಾ?" ಅಂತ ಲೋಗೋ ಮಾಡಿಸುವವರು ಮೊದಲ ದಿನ ಕೇಳಿದಾಗ ನೀನು ಏನಂದೆ? "ನೋಡೋಣ ಸರ್" ಅಂದಿರುತ್ತೀಯ.

ನಾನೂ ಹಾಗೆ ಅಂದವನೇ. ಒಬ್ಬರು ಮೊಬೈಲಿಗೆ ಬಂದ ಫೋಟೊ ಕೊಟ್ಟು, ಪೋಸ್ಟರ್ ತುಂಬ ಇದೇ ಇರಲಿ ಅಂದರು. ಫೋಟೊದ ಅಗಲ 1200 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕಿ. ಅಚ್ಚು ಚೊಕ್ಕವಾಗಿ ಬರಬೇಕಾದರೆ ಇಂಚಿಗೆ 300 ಪಿಕ್ಸೆಲ್ ಬೇಕು. ಲೆಕ್ಕ ಹಾಕಿದರೆ ಅದು 4 ಇಂಚಿನ ಫೋಟೊ, ಅವರಿಗೆ ಬೇಕಿದ್ದದ್ದು 24 ಇಂಚು. ಗೊತ್ತಿದ್ದೂ ದಾಕ್ಷಿಣ್ಯಕ್ಕೆ "ನೋಡೋಣ" ಅಂದೆ. ನನ್ನ ಮನಸ್ಸಿನಲ್ಲಿ ಅದು "ಕಷ್ಟ". ಅವರ ಕಿವಿಗೆ ಬಿದ್ದದ್ದು "ಆಗುತ್ತೆ". ಅಚ್ಚಾಗಿ ಬಂದಾಗ ಮುಖದ ಅಂಚೆಲ್ಲ ಚೌಕ ಚೌಕ. "ಮೊದಲೇ ಹೇಳಬಾರದಿತ್ತಾ?" ಅಂತ ಮೆಲ್ಲಗೆ ಕೇಳಿದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಕೆಲಸ ಕೊಡುವವರಿಗೆ ಇದೆಲ್ಲ ನಿಜಕ್ಕೂ ಗೊತ್ತಿರುವುದಿಲ್ಲ ಕಣೇ. ಪರದೆಯ ಬಣ್ಣ ಬೆಳಕಿನದು, ಕಾಗದದ್ದು ಶಾಯಿಯದು. ಮೊಬೈಲಿನಲ್ಲಿ ಮಿಂಚುವ ಹಸಿರು ನಾಲ್ಕು ಶಾಯಿಯ ಅಚ್ಚಿನಲ್ಲಿ ಮಂಕಾಗುತ್ತದೆ. ವಾದ ಮಾಡಬೇಡ. ಒಂದು ಪ್ರೂಫ್, ಅಂದರೆ ಮಾದರಿ ಅಚ್ಚು, ತೆಗೆಸಿ ಮೊಬೈಲ್ ಪಕ್ಕ ಇಟ್ಟು ಸುಮ್ನಿರು. ಅವರ ಕಣ್ಣೇ ಅವರಿಗೆ ಹೇಳುತ್ತದೆ.

ಮುಂದಿನ ಕೆಲಸಕ್ಕೆ ಎಷ್ಟು ಸಲ ತಿದ್ದುತ್ತೀಯ, ಅಡ್ವಾನ್ಸ್ ಎಷ್ಟು, ಕೊನೆಗೆ "ಸರಿ" ಅನ್ನುವವರು ಯಾರು ಅನ್ನುವುದನ್ನು ಮೊದಲೇ ಬರೆದು ಕಳಿಸು. ಕೊನೆಯದು ಮರೆಯಲೇಬೇಡ. ನಾಲ್ಕು ಜನ ನಾಲ್ಕು ಬಣ್ಣ ಹೇಳಿದರೆ ಯಾವ ಕೈಯೂ ಸೋಲುತ್ತದೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಪೆನ್ಸಿಲ್‌ನಲ್ಲಿ ಗೀಚಿದ್ದನ್ನೇ ತೋರಿಸಿ ಒಪ್ಪಿಗೆ ತಗೋ. ನುಣುಪಾದ ಡಿಸೈನ್ ನೋಡಿದರೆ ಜನ ಬಣ್ಣದ ಮಾತಿಗೇ ಇಳಿದುಬಿಡುತ್ತಾರೆ.

ಇನ್ನು ಈ ಲೋಗೋ ವಿಷಯ. ಸುತ್ತಿ ಸುತ್ತಿ ಅವರು ನಿನ್ನ ನಾಲ್ಕನೇ ಡಿಸೈನಿನ ಹತ್ತಿರಕ್ಕೇ ಬಂದಿದ್ದಾರೆ ಅಂದೆಯಲ್ಲ, ಅದನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಕಳಿಸು. ಇನ್ನೊಂದು ಸಲ ತಿದ್ದುತ್ತೇನೆ, ಆಮೇಲಿನದಕ್ಕೆ ಬೇರೆ ದುಡ್ಡು, ನಾಳೆ ಬೆಳಿಗ್ಗೆ ಆಗುವುದಿಲ್ಲ ಅಂತ ನೇರವಾಗಿ ಬರೆ. ಕಳಿಸುವ ಮುಂಚೆ ನನಗೊಮ್ಮೆ ಓದಿ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ