ಕೃಷಿ ಮೇಳ: ತಾಕಿನ ಬದಿಯಲ್ಲಿ ಸಂಶೋಧಕರೇ ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೆ,

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಪ್ರತಿ ವರ್ಷ ನವೆಂಬರ್ ಸುಮಾರಿಗೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ (ಜಿಕೆವಿಕೆ) ಆವರಣದಲ್ಲಿ ನಡೆಸುವ ಕೃಷಿ ಮೇಳದ ಕುರಿತು ಒಂದು ಸಲಹೆಯನ್ನು ತಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯದ ಮುಂದೆಯೂ ಓದುಗರ ಮುಂದೆಯೂ ಇಡಲು ಈ ಪತ್ರವನ್ನು ಬರೆಯುತ್ತಿದ್ದೇನೆ. ಮೇಳದ ವರದಿಗಳಲ್ಲಿ ಜನಸಂದಣಿ, ದೈತ್ಯ ಗಾತ್ರದ ಹೋರಿ, ಔಷಧಿ ಸಿಂಪಡಿಸುವ ಡ್ರೋನ್ ಮತ್ತು ಉದ್ಘಾಟನೆಯ ಭಾಷಣಗಳಿಗೆ ಸಾಕಷ್ಟು ಜಾಗ ಸಿಗುತ್ತದೆ. ಆದರೆ ಮೇಳವೆಂಬುದು ಮೂಲತಃ ಒಂದು ವಿಶ್ವವಿದ್ಯಾಲಯ ತನ್ನ ವರ್ಷದ ಸಂಶೋಧನೆಯನ್ನು ನಾಡಿನ ಜನರ ಮುಂದೆ ಒಪ್ಪಿಸುವ ಸಂದರ್ಭ ಎಂಬ ಮಾತು ಹಿಂದಕ್ಕೆ ಸರಿಯುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಈ ಮಾತು ಜಿಕೆವಿಕೆಗೆ ಮಾತ್ರ ಸಂಬಂಧಿಸಿದ್ದಲ್ಲ. ಧಾರವಾಡ ಮತ್ತು ರಾಯಚೂರಿನ ಕೃಷಿ ಮೇಳಗಳಿಗೂ ಬಾಗಲಕೋಟೆಯ ತೋಟಗಾರಿಕೆ ಮೇಳಕ್ಕೂ ಅನ್ವಯಿಸುತ್ತದೆ.

ಮಳಿಗೆಗಳ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಪವರ್ ಟಿಲ್ಲರ್ ಕೊಳ್ಳಬೇಕೆಂದಿರುವ ರೈತನಿಗೆ ನಾಲ್ಕಾರು ಕಂಪನಿಗಳ ಯಂತ್ರಗಳನ್ನು ಒಂದೇ ಕಡೆ ನೋಡಿ ಬೆಲೆ ವಿಚಾರಿಸುವ ಅವಕಾಶ ಬೇರೆಲ್ಲಿಯೂ ಸುಲಭವಾಗಿ ಸಿಗುವುದಿಲ್ಲ. ಆದರೆ ಕಂಪನಿಯ ಸರಕು ನಾಳೆ ತಾಲ್ಲೂಕು ಕೇಂದ್ರದ ಅಂಗಡಿಗೂ ಬರುತ್ತದೆ, ಅದನ್ನು ಮಾರುವವರು ಮನೆ ಬಾಗಿಲಿಗೂ ಬರುತ್ತಾರೆ. ವಿಶ್ವವಿದ್ಯಾಲಯದ ತಾಕಿನಲ್ಲಿ, ಅಂದರೆ ಪ್ರಯೋಗಕ್ಕೆಂದು ಬಿತ್ತಿದ ತುಂಡು ಹೊಲದಲ್ಲಿ, ನಿಂತಿರುವ ಹೊಸ ತಳಿಯನ್ನು, ಅದರ ಪಕ್ಕದಲ್ಲೇ ಹೋಲಿಕೆಗಾಗಿ ಬಿತ್ತಿರುವ ಹಳೆಯ ತಳಿಯನ್ನು, ಅದನ್ನು ಬೆಳೆಸಿದವರನ್ನು ಒಟ್ಟಿಗೆ ನೋಡಲು ಸಾಧ್ಯವಾಗುವುದು ಈ ನಾಲ್ಕು ದಿನಗಳಲ್ಲಿ ಮಾತ್ರ. ಆದ್ದರಿಂದ ಮೇಳದ ನಡುಮನೆಯ ಸ್ಥಾನ ತಾಕಿಗೆ ಸಿಗಬೇಕು, ಮತ್ತು ತಾಕಿನ ಬದಿಯಲ್ಲಿ ಆ ಸಂಶೋಧನೆ ನಡೆಸಿದವರೇ ನಿಂತು ಕನ್ನಡದಲ್ಲಿ ವಿವರಿಸಬೇಕು ಎಂಬುದು ನನ್ನ ಕೋರಿಕೆ.

ಇದು ಹೊಸದಾಗಿ ಹುಟ್ಟಿದ ಬೇಡಿಕೆಯಲ್ಲ. ಈ ವಿಶ್ವವಿದ್ಯಾಲಯದ ಬೇರು ಇರುವುದೇ ಇಂತಹ ಕೆಲಸದಲ್ಲಿ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಗೆಡವುತ್ತಿದ್ದ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದ ಬೆಳೆಗಾರರು ಮರದ ತುದಿಗೆ ಮದ್ದು ಹೊಡೆಯಲು ಒಪ್ಪಬೇಕಾದರೆ, ಅದನ್ನು ಕಣ್ಣಾರೆ ನೋಡಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಇಂದು ಮಲೆನಾಡಿನ ಅಡಿಕೆ ಮರ ಹತ್ತುವ ಯಾವ ಕೊನೆಗಾರನನ್ನು ಕೇಳಿದರೂ ಹೇಳುತ್ತಾನೆ. ಒಂದು ಸಂಶೋಧನೆ ಜನರ ಬಾಯಲ್ಲಿ ಈ ಮಟ್ಟಕ್ಕೆ ನೆಲೆಸುವುದು ತೋಟದಲ್ಲಿ ನಿಂತು ತೋರಿಸಿದಾಗ ಮಾತ್ರ. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆಯನ್ನೂ, ಅಂದರೆ ಸಂಶೋಧನೆಯನ್ನು ರೈತರಿಗೆ ತಲುಪಿಸುವ ಕೆಲಸವನ್ನೂ, ಅದರ ಮೂರನೆಯ ಕರ್ತವ್ಯವಾಗಿ ಸೇರಿಸಿದ್ದರ ಹಿಂದೆ ಇದೇ ತಿಳಿವಳಿಕೆ ಇತ್ತು.

ರಾಗಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ರಾಗಿ ಬೆಳೆಯುವವನು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ಹೆಸರಿನಲ್ಲೇ ಇಂಡಿಯಾ, ಆಫ್ರಿಕ ಎರಡೂ ನೆಲಗಳಿವೆ. ಬೆಂಕಿ ರೋಗವನ್ನು ತಡೆದುಕೊಳ್ಳುವ, ಸುಮಾರು 110ರಿಂದ 115 ದಿನಗಳಲ್ಲಿ ಕೊಯ್ಲಿಗೆ ಬರುವ ಜಿಪಿಯು-28 ಎಂಬ ತಳಿಯ ವಂಶದಲ್ಲಿಯೂ ಇಂಡಾಫ್ ಇದೆ. ಇಂದು ನಮ್ಮ ಸೀಮೆಯ ಖುಷ್ಕಿ ಹೊಲಗಳಲ್ಲಿ ಈ ತಳಿಯನ್ನು ಬಿತ್ತದ ಊರು ಹುಡುಕುವುದು ಕಷ್ಟ. ಆದರೆ ಇದನ್ನು ಬಿತ್ತುವ ನಮ್ಮಲ್ಲಿ ಎಷ್ಟು ಜನರಿಗೆ ರಾಗಿಯಲ್ಲಿ ಸಂಕರ ಮಾಡುವುದು ಎಷ್ಟು ತಾಳ್ಮೆಯ ಕೆಲಸ ಎಂಬುದು ಗೊತ್ತು? ರಾಗಿಯ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ತನ್ನ ಪರಾಗವೇ ತನಗೆ ತಾಗಿ ಕಾಳು ಕಟ್ಟುವ ಬೆಳೆ ಅದು. ಹೊರಗಿನ ಪರಾಗಕ್ಕೆ ಅವಕಾಶ ಸಿಗುವುದು ತೀರ ಅಪರೂಪ. ಹಾಗಾಗಿ ಒಂದು ವಿಧಾನದಲ್ಲಿ ಹಸಿರು ಗಿಡದ ಒಂದು ತಳಿ, ನೇರಳೆ ಬಣ್ಣದ ಇನ್ನೊಂದು ತಳಿ, ಈ ಎರಡರ ತೆನೆಗಳನ್ನು ಒಂದಕ್ಕೊಂದು ಸೇರಿಸಿ ಕಟ್ಟಿ ಬೆಳೆಸುತ್ತಾರೆ. ಹಸಿರು ಗಿಡದ ತೆನೆಯಿಂದ ಕಾಳನ್ನು ತೆಗೆದು ಬಿತ್ತಿ, ಹುಟ್ಟಿದ ರಾಶಿ ಸಸಿಗಳ ನಡುವೆ ನೇರಳೆ ಬಣ್ಣ ಮೂಡಿದ ಬೆರಳೆಣಿಕೆಯ ಸಸಿಗಳನ್ನು ಹೆಕ್ಕುತ್ತಾರೆ. ಇನ್ನೊಂದು ತಳಿಯ ಗುಣ ಸೇರಿರುವುದು ಅವುಗಳಲ್ಲಿ. ಅಲ್ಲಿಂದ ಮುಂದೆ ಎಷ್ಟೋ ಹಂಗಾಮುಗಳ ಆಯ್ಕೆಯ ಕೆಲಸ. ಇದನ್ನು ಸೃಜನಶೀಲ ಕೆಲಸ ಎನ್ನದೆ ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು. ಇಷ್ಟನ್ನು ಒಂದು ಮೇಜಿನ ಮೇಲೆ ಎರಡು ತೆನೆ, ಒಂದು ಭೂತಗನ್ನಡಿ ಮತ್ತು ಒಂದು ಟ್ರೇ ಸಸಿ ಇಟ್ಟು ತೋರಿಸಬಹುದು. ನಮ್ಮ ಮಕ್ಕಳು ಅದನ್ನು ನೋಡಿದರೆ ಮರೆಯಲಾರರು.

ತಾಕಿನ ಬದಿಯಲ್ಲಿ ಸಂಶೋಧಕರು ನಿಂತರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಮೇಳದ ಅವರೆ ತಾಕಿನ ಹತ್ತಿರ ನೋಡಿದ್ದೇನೆ. ಹೆಬ್ಬಾಳ ಅವರೆ-4 ಎಂಬ ತಳಿಯ ಮುಂದೆ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ನಿಂತಿದ್ದ. ಕೋಲಾರದ ಕಡೆಯ ಹಿರಿಯ ಹೆಂಗಸೊಬ್ಬರು ಬಗ್ಗಿ ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, "ಏನಪ್ಪಾ, ಇದ್ರಲ್ಲಿ ಸೊಗಡೇ ಇಲ್ವಲ್ಲ? ನಮ್ಮ ಹೊಲದ ಕಾಯಿ ಮುಟ್ಟಿದ್ರೆ ಕೈಯೆಲ್ಲ ಅಂಟಾಗ್ತದೆ" ಎಂದರು. ಆ ಹುಡುಗ ತಳಿಯನ್ನು ಹೊಗಳಿ ಮಾತು ಮುಗಿಸಲಿಲ್ಲ. "ನಿಜ ಕಣಮ್ಮ, ನಿಮ್ಮ ನಾಟಿ ಅವರೆಯಷ್ಟು ಸೊಗಡು ಇದಕ್ಕಿಲ್ಲ" ಎಂದು ಒಪ್ಪಿಕೊಂಡು, ಊರ ಅವರೆಯನ್ನು ಆಷಾಢದಲ್ಲಿ ಬಿತ್ತಿದರೂ ಹಗಲು ಚಿಕ್ಕದಾಗುವ ಕಾಲಕ್ಕೆ ಕಾದು ಹೂ ಬಿಡುತ್ತದೆ, ಈ ತಳಿ ಹಗಲಿನ ಉದ್ದವನ್ನು ನೋಡದೆ ಯಾವ ತಿಂಗಳಲ್ಲಿ ಬಿತ್ತಿದರೂ ಒಂದೂವರೆ ತಿಂಗಳ ಸುಮಾರಿಗೆ ಹೂವಿಗೆ ಬರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ನೀರಿದ್ದವರಿಗೆ ಬೆಲೆ ಸಿಗುತ್ತದೆ ಎಂದು ಬಿಡಿಸಿ ಹೇಳಿದ. ಆಕೆ, "ಹಂಗಾದ್ರೆ ಮಾರೋಕೆ ಇದು, ಮನೆಗೆ ನಮ್ದು" ಎಂದು ತೀರ್ಮಾನ ಕೊಟ್ಟು, ತಮ್ಮ ಮನೆಯ ಬೀಜ ಬೇಕಾದರೆ ಬಂದು ತೆಗೆದುಕೊಂಡು ಹೋಗು ಎಂದು ಊರಿನ ದಾರಿ ಹೇಳಿದರು. ಹುಡುಗ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಒಂದು ಬೆಳೆಯ ಗುಣಾವಗುಣಗಳ ಬಗ್ಗೆ ಇಷ್ಟು ನೇರವಾದ ಚರ್ಚೆ ಯಾವ ವಿಚಾರ ಸಂಕಿರಣದಲ್ಲಿಯೂ ನಡೆಯುವುದು ಕಷ್ಟ, ಮತ್ತು ಅದರಿಂದ ಇಬ್ಬರಿಗೂ ಲಾಭವಾಯಿತು.

ಇಂತಹ ಮಾತುಕತೆ ಆಕಸ್ಮಿಕವಾಗಿ ನಡೆಯುವ ಬದಲು ಮೇಳದ ಕ್ರಮವೇ ಆಗಬೇಕು. ಪ್ರತಿ ವರ್ಷ ಎಂಎಸ್ಸಿ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳು ಮಣ್ಣು, ನೀರು, ಕೀಟ, ರೋಗ, ಕಳೆ, ಮಾರುಕಟ್ಟೆ, ಆಹಾರ ಸಂಸ್ಕರಣೆ ಹೀಗೆ ಹಲವು ವಿಷಯಗಳ ಮೇಲೆ ಪ್ರಬಂಧಗಳನ್ನು ಸಲ್ಲಿಸುತ್ತಾರೆ. ಅವು ಇಂಗ್ಲಿಷ್‌ನಲ್ಲಿದ್ದು ಗ್ರಂಥಾಲಯಕ್ಕೂ ಕೃಷಿಕೋಶ್ ಎಂಬ ಅಂತರ್ಜಾಲ ಭಂಡಾರಕ್ಕೂ ಸೇರುತ್ತವೆ. ಹಲವು ಪ್ರಬಂಧಗಳಲ್ಲಿ ಕನ್ನಡದ ಒಂದು ಪುಟದ ಸಾರಾಂಶವೂ ಇರುತ್ತದೆ. ಆ ಪುಟವನ್ನೇ ಸ್ವಲ್ಪ ತಿಳಿಯಾದ ಮಾತಿನಲ್ಲಿ ತಿದ್ದಿ, ದೊಡ್ಡ ಅಕ್ಷರದಲ್ಲಿ ಫಲಕ ಮಾಡಿ, ಬರೆದವರನ್ನೇ ಅದರ ಪಕ್ಕದಲ್ಲಿ ನಿಲ್ಲಿಸಲು ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಆ ಫಲಕದಲ್ಲಿ ತಳಿಯ ಹೆಸರು ಮತ್ತು ಇಳುವರಿಯಷ್ಟೇ ಇದ್ದರೆ ಸಾಲದು. ಯಾವ ಮಣ್ಣಿನಲ್ಲಿ, ಎಷ್ಟು ಹಂಗಾಮು ಬೆಳೆದು ನೋಡಿದರು, ಮಳೆ ಕೈಕೊಟ್ಟ ವರ್ಷ ಏನಾಯಿತು, ಎಕರೆಗೆ ಎಷ್ಟು ಖರ್ಚಾಯಿತು, ಹುಲ್ಲು ದನಕ್ಕೆ ರುಚಿಸಿತೇ ಎಂಬುದೂ ಇರಬೇಕು. ರಾಗಿ ಬೆಳೆಯುವವನಿಗೆ ಹುಲ್ಲು ಕಾಳಿನಷ್ಟೇ ಮುಖ್ಯ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇದಕ್ಕಿಂತಲೂ ಮುಖ್ಯವಾದ ಒಂದು ಮಾತಿದೆ. ಫಲ ಕೊಡದ ಪ್ರಯೋಗಗಳನ್ನೂ ಮೇಳದಲ್ಲಿ ತೋರಿಸಬೇಕು. ಸಂಶೋಧನೆಯಲ್ಲಿ ಅಂದುಕೊಂಡದ್ದೆಲ್ಲ ಕೈಗೂಡುವುದಿಲ್ಲ ಎಂಬುದು ವಿಜ್ಞಾನ ಓದದ ನಮಗೂ ತಿಳಿಯುತ್ತದೆ, ಏಕೆಂದರೆ ಬೇಸಾಯವೂ ಹಾಗೆಯೇ. ಇಂದು ಪ್ರತಿ ಪಟ್ಟಣದ ಗೊಬ್ಬರದಂಗಡಿಯಲ್ಲಿ ಇಳುವರಿ ಹೆಚ್ಚಿಸುತ್ತದೆ ಎನ್ನುವ ಬಗೆಬಗೆಯ ದ್ರಾವಣಗಳು, ಹರಳುಗಳು, ಪುಡಿಗಳು ಸಿಗುತ್ತವೆ. ಸಾಲ ಮಾಡಿ ಅದನ್ನು ಕೊಳ್ಳುವ ರೈತನಿಗೆ ಅದರಿಂದ ಲಾಭವಾಗುತ್ತದೆಯೋ ಇಲ್ಲವೋ ಎಂದು ಅಳೆದು ಹೇಳುವ ಸಾಮರ್ಥ್ಯ ಇರುವುದು ವಿಶ್ವವಿದ್ಯಾಲಯಕ್ಕೆ ಮಾತ್ರ. "ಇಂಥ ಬಗೆಯ ಸಿಂಪಡಣೆಯನ್ನು ನಾವು ಎರಡು ಹಂಗಾಮು ಮಾಡಿ ನೋಡಿದೆವು, ಸಿಂಪಡಿಸದ ತಾಕಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ" ಎಂಬ ಒಂದು ಫಲಕ ಎಷ್ಟೋ ಕುಟುಂಬಗಳ ಹಣ ಉಳಿಸುತ್ತದೆ. ಇಳುವರಿ ಹೆಚ್ಚಿದರೂ ಖರ್ಚು ಹುಟ್ಟದ ಪ್ರಯೋಗಗಳೂ ಇರುತ್ತವೆ. ಅವನ್ನು ಹಾಗೆಂದೇ ಹೇಳಬೇಕು. ಯಾವುದೇ ಕಂಪನಿಯ ಹೆಸರನ್ನು ಎತ್ತದೆ ಇದನ್ನು ಹೇಳಲು ಸಾಧ್ಯವಿದೆ. ಗೆದ್ದದ್ದನ್ನು ಮಾತ್ರ ತೋರಿಸುವ ಮೇಳಕ್ಕಿಂತ, ಕಂಡದ್ದನ್ನೆಲ್ಲ ತೋರಿಸುವ ಮೇಳವನ್ನು ಜನ ಹೆಚ್ಚು ನಂಬುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಿಎಸ್ಸಿ ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಿಗೆ ಬಂದು ಕೆಲವು ತಿಂಗಳು ನಮ್ಮೊಡನೆ ಇರುತ್ತಾರೆ. ಬಂದ ಹೊಸದರಲ್ಲಿ ಅವರು ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುತ್ತಾರೆ. ಕೆರೆ ನೀಲಿಯಲ್ಲಿ, ತೋಪು ಹಸಿರಿನಲ್ಲಿ, ಬೀದಿಗಳು ಬಿಳಿಯಲ್ಲಿ ಮೂಡುತ್ತಿದ್ದಂತೆ ಸುತ್ತ ಸೇರಿದ ಹಿರಿಯರು ಬತ್ತಿದ ಕುಂಟೆ ಎಲ್ಲಿತ್ತು, ಕಾಲುವೆ ಎಲ್ಲಿ ಹಾಯುತ್ತಿತ್ತು, ಯಾರ ಹೊಲದ ಬದುವಿನಲ್ಲಿ ಯಾವ ಮರವಿತ್ತು ಎಂದು ತಿದ್ದುತ್ತಾರೆ; ಮಕ್ಕಳು ತಮ್ಮ ಮನೆಯನ್ನು ಹುಡುಕುತ್ತಾರೆ. ಊರಿನ ನೀರು ಮತ್ತು ನೆಲದ ಚರಿತ್ರೆ ಅರ್ಧ ದಿನದಲ್ಲಿ ನೆಲದ ಮೇಲೆ ಬರುತ್ತದೆ, ಸಂಜೆಯ ಹೊತ್ತಿಗೆ ದನಗಳ ಕಾಲಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಈ ನಕ್ಷೆಗಳನ್ನು ಕಾಗದಕ್ಕೆ ಇಳಿಸಿ ಮೇಳದಲ್ಲಿ ಒಂದು ಇಡೀ ಗೋಡೆಯ ತುಂಬ ತೂಗುಹಾಕಿ, ಆಯಾ ಊರಿನವರನ್ನು ಕರೆಸಿದರೆ ಅದು ಮೇಳದ ಅತ್ಯಂತ ಜೀವಂತವಾದ ಭಾಗವಾದೀತು.

ರೈತರು ಮಾಡಿದ ಸಂಶೋಧನೆಗೂ ತಾಕು ಬೇಕು. ಮೇಳದಲ್ಲಿ ಪ್ರಗತಿಪರ ರೈತರಿಗೂ ರೈತ ಮಹಿಳೆಯರಿಗೂ ಪ್ರಶಸ್ತಿ ಕೊಡುವ ಪದ್ಧತಿ ಒಳ್ಳೆಯದು. ಆದರೆ ಶಾಲು, ಹಾರ, ಫಲಕ ಕೊಟ್ಟು ಕಳುಹಿಸುವುದರ ಜೊತೆಗೆ ಅವರು ಕಾಪಾಡಿಕೊಂಡು ಬಂದ ತಳಿಯನ್ನು, ಅವರು ಕಂಡುಕೊಂಡ ಅಕ್ಕಡಿ (ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೆಳೆ ಹಾಕುವ) ಕ್ರಮವನ್ನು ವಿಶ್ವವಿದ್ಯಾಲಯದ ತಳಿಗಳ ಪಕ್ಕದಲ್ಲೇ ಅವರ ಹೆಸರಿನ ಫಲಕದೊಂದಿಗೆ ಬೆಳೆಸಿ ತೋರಿಸಬಾರದೇಕೆ? ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ತೋಟದಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿ, ಅದನ್ನು ನೆಟ್ಟ ಹಿರಿಯರ ಹೆಸರಿನಿಂದಲೇ ಸಿದ್ದು ಹಲಸು ಎಂದು ಕರೆದು, ಕಸಿ ಗಿಡಗಳ ಆದಾಯದಲ್ಲಿ ಆ ಕುಟುಂಬಕ್ಕೂ ಪಾಲು ಸಿಗುವಂತೆ ಒಪ್ಪಂದ ಮಾಡಿಕೊಂಡಿತು. ರೈತರು ತಮ್ಮ ತಳಿಗಳನ್ನು ನೋಂದಾಯಿಸಿಕೊಳ್ಳಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅವಕಾಶ ಕೊಟ್ಟಿದೆ. ಅದನ್ನು ಹೇಗೆ ಮಾಡುವುದೆಂದು ಅರ್ಜಿ ತುಂಬಿಸಿ ತಿಳಿಸುವ ಒಂದು ಮೇಜು ಮೇಳದಲ್ಲಿ ಕಡ್ಡಾಯವಾಗಿ ಇರಬೇಕು.

ಲಕ್ಷಗಟ್ಟಲೆ ಜನ ಬರುವ ಕಡೆ ವಿದ್ಯಾರ್ಥಿಗಳು ದಿನವಿಡೀ ನಿಂತು ವಿವರಿಸುವುದು ಹೇಗೆ ಎಂದು ಪ್ರಾಧ್ಯಾಪಕರು ಕೇಳಬಹುದು. ಬೆಳಗಿನ ಎರಡು ಮೂರು ಗಂಟೆ, ಧ್ವನಿವರ್ಧಕದ ಗದ್ದಲ ಇಲ್ಲದ ಹೊತ್ತು, ಸರದಿಯಂತೆ ನಿಂತರೆ ಸಾಕು. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳ ಜೊತೆಗೆ ಕನ್ನಡ ಬಲ್ಲ ಸಹಪಾಠಿಯೊಬ್ಬರು ಇರಬಹುದು. ಇನ್ನೂ ಪ್ರಕಟವಾಗದ ಫಲಿತಾಂಶಗಳನ್ನು ಬಿಟ್ಟು, ಪ್ರಬಂಧ ಅಂಗೀಕಾರವಾದವರನ್ನು ಮಾತ್ರ ಕರೆಯಬಹುದು. ಮೇಳದಲ್ಲಿ ನಿಂತು ವಿವರಿಸಿದ್ದಕ್ಕೆ ವಿದ್ಯಾರ್ಥಿಗೆ ಅಂಕವೋ ಪ್ರಮಾಣಪತ್ರವೋ ಸಿಗುವಂತಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ಬಿಡುವಿನ ವೇಳೆಯ ಸೇವೆಯಲ್ಲ, ಅವರ ಓದಿನ ಭಾಗವೇ ಆಗಿದೆ.

ಕುಲಪತಿಗಳೂ ವಿಸ್ತರಣಾ ನಿರ್ದೇಶಕರೂ ಈ ವಿಷಯವನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ನವೆಂಬರ್ ಮೇಳಕ್ಕೆ ತೆನೆ ಬಲಿತ ರಾಗಿ ತಾಕು ತೋರಿಸಬೇಕಾದರೆ ಜುಲೈ ಅಥವಾ ಆಗಸ್ಟ್ ಹೊತ್ತಿಗೆ ಬಿತ್ತನೆ ಆಗಿರಬೇಕು. ಯಾವ ರೈತನ ತಳಿಗೆ ಎಷ್ಟು ಜಾಗ, ಯಾವ ವಿದ್ಯಾರ್ಥಿಯ ಪ್ರಯೋಗಕ್ಕೆ ಯಾವ ತಾಕು ಎಂಬುದು ಅದಕ್ಕೂ ಮೊದಲೇ, ಮುಂಗಾರು ಹಿಡಿಯುವ ಮುನ್ನವೇ ನಿರ್ಧಾರವಾಗಬೇಕು. ಬೀಜ ಕೊಡಲು ನಮ್ಮ ಭಾಗದ ಹಲವರು ಸಿದ್ಧರಿದ್ದಾರೆ. ಕೇಳಿಕೊಂಡು ಯಾರಾದರೂ ಬರಬೇಕಷ್ಟೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರಾಗಿ ಬೆಳೆಗಾರ,
ಮಾಗಡಿ ತಾಲ್ಲೂಕು